ಕ್ಯಾಮೆರಾ ಎತ್ತುವ ಮೊದಲಿನ ಒಂದು ಗಂಟೆ

ಶೂಟ್‌ಗೆ ಬರುವವರಿಗೆ ಹಿಂದಿನ ದಿನವೇ ಒಂದು ಸಂದೇಶ ಕಳಿಸುತ್ತೇನೆ: ಸಡಿಲವಾದ ಬಟ್ಟೆ ಹಾಕಿಕೊಂಡು ಬನ್ನಿ, ಕೈಗಡಿಯಾರ, ಬಿಗಿಯಾದ ಕಾಲುಚೀಲ ಬೇಡ. ಎಲಾಸ್ಟಿಕ್ ಒತ್ತಿದ ಗೆರೆ ಚರ್ಮದ ಮೇಲಿಂದ ಹೋಗಲು ಕೆಲವೊಮ್ಮೆ ಒಂದು ಗಂಟೆಯೇ ಬೇಕು. ಬದಿಯಿಂದ ಬೀಳುವ ಬೆಳಕಿನಲ್ಲಿ ಅದು ಬಾಸುಂಡೆಯ ಹಾಗೆ ಎದ್ದು ಕಾಣುತ್ತದೆ. ಬಂದ ಮೇಲೆ ಆ ಒಂದು ಗಂಟೆ ನಾವು ಕೂತು ಮಾತಾಡುತ್ತೇವೆ. ನನ್ನ ಕೆಲಸದ ಮುಕ್ಕಾಲು ಪಾಲು ನಡೆಯುವುದು ಆಗಲೇ.

ಯಾವ ಸಂಸ್ಥೆಯ ನೌಕರಿಯೂ ಇಲ್ಲದೆ, ಒಬ್ಬಂಟಿಯಾಗಿ ಫೈನ್ ಆರ್ಟ್ (ದೇಹವನ್ನು ಕಲೆಯಾಗಿ ತೋರಿಸುವ) ಮತ್ತು ಗ್ಲಾಮರ್ (ವ್ಯಕ್ತಿಯನ್ನು ಆಕರ್ಷಕವಾಗಿ ತೋರಿಸುವ) ಫೋಟೋಗ್ರಫಿ ಮಾಡಿಕೊಂಡು ಬಂದವರಿಗೆ ಆ ಒಂದು ಗಂಟೆಯ ಬೆಲೆ ಗೊತ್ತಿರುತ್ತದೆ. ನನಗೆ ಅದು ಗೊತ್ತಾದದ್ದು ಒಂದು ತಪ್ಪಿನಿಂದ. ಆರಂಭದ ದಿನಗಳಲ್ಲಿ ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಒಬ್ಬ ಮಾಡೆಲ್ "ಚಿತ್ರಗಳನ್ನು ಬಳಸಿಕೊಳ್ಳಿ" ಅಂದಿದ್ದರು. ನಾನು ಒಂದನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಪ್ರದರ್ಶನಕ್ಕಿಟ್ಟೆ. ಮರುದಿನ ಅವರ ಫೋನ್ ಬಂತು. "ಬಳಸಿಕೊಳ್ಳಿ ಅಂದರೆ ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ಅಂದುಕೊಂಡಿದ್ದೆ. ಗೋಡೆ ಮೇಲೆ ಅಂತ ನೀವು ಹೇಳಲೇ ಇಲ್ಲವಲ್ಲ." ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಅಂದೇ ಹೋಗಿ ಚಿತ್ರ ಇಳಿಸಿಕೊಂಡು ಬಂದೆ. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಅಂದಿನಿಂದ ಎಲ್ಲವೂ ಕಾಗದದ ಮೇಲೆ. ಮೊದಲು ಗುರುತಿನ ಚೀಟಿ ನೋಡಿ ವಯಸ್ಸು 18 ತುಂಬಿದೆಯೇ ಎಂದು ಖಚಿತ ಮಾಡಿಕೊಳ್ಳುತ್ತೇನೆ; ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಆಮೇಲೆ ಮಾಡೆಲ್ ರಿಲೀಸ್, ಅಂದರೆ ಚಿತ್ರಗಳನ್ನು ಎಲ್ಲೆಲ್ಲಿ ಬಳಸಬಹುದು ಎಂಬ ಒಪ್ಪಿಗೆಪತ್ರ. ಪೋರ್ಟ್‌ಫೋಲಿಯೋ, ಪ್ರದರ್ಶನ, ಪ್ರಿಂಟ್ ಮಾರಾಟ, ಪತ್ರಿಕೆ, ಜಾಹೀರಾತು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಸಾಲು, ಒಂದೊಂದರ ಮುಂದೂ ಅವರದೇ ಸಹಿ. ಎಲ್ಲಿಯವರೆಗೆ ಬಟ್ಟೆ, ಯಾವ ಭಂಗಿ ಬೇಡ, ಮುಖ ಕಾಣಬೇಕೋ ಬೇಡವೋ ಎಂಬುದನ್ನೂ ಬರೆಸಿಕೊಳ್ಳುತ್ತೇನೆ. ಬರೆದದ್ದನ್ನು ಶೂಟ್ ನಡುವೆ ಅವರು ಕಡಿಮೆ ಮಾಡಬಹುದು. ಹೆಚ್ಚು ಮಾಡಿ ಎಂದು ನಾನು ಕೇಳುವುದಿಲ್ಲ, ಚಿತ್ರ ಎಷ್ಟೇ ಚೆನ್ನಾಗಿ ಬರುವಂತಿದ್ದರೂ. ಜೊತೆಗೆ ಗೆಳತಿಯನ್ನೋ ಅಕ್ಕನನ್ನೋ ಕರೆದುಕೊಂಡು ಬಂದರೆ ಸಂತೋಷ. ಅದಕ್ಕೆ ತಕರಾರು ಮಾಡುವ ಫೋಟೋಗ್ರಾಫರ್ ಹತ್ತಿರ ಹೋಗಬೇಡಿ ಎಂದು ಹೊಸ ಮಾಡೆಲ್‌ಗಳಿಗೆ ನಾನೇ ಹೇಳುತ್ತೇನೆ.

ಭಂಗಿ ತಿದ್ದಲು ಮೈ ಮುಟ್ಟುವುದಿಲ್ಲ. ಏನು ಬೇಕೋ ಅದನ್ನು ನಾನೇ ನಿಂತು ತೋರಿಸುತ್ತೇನೆ: "ಎಡ ಭುಜ ಸ್ವಲ್ಪ ಕಿಟಕಿ ಕಡೆ, ಗಲ್ಲ ಮುಂದಕ್ಕೆ, ಈಗ ಉಸಿರು ಬಿಡಿ." ಉಸಿರು ಬಿಟ್ಟ ಆ ಕ್ಷಣದಲ್ಲಿ ಭುಜ ತಾನಾಗಿ ಇಳಿಯುತ್ತದೆ, ಕತ್ತು ಉದ್ದವಾಗುತ್ತದೆ. ನಾನು ಕ್ಲಿಕ್ ಮಾಡುವುದು ಆಗಲೇ. ಹತ್ತು ಹದಿನೈದು ಚಿತ್ರಕ್ಕೊಮ್ಮೆ ಕ್ಯಾಮೆರಾದ ಪರದೆ ಅವರಿಗೆ ತೋರಿಸುತ್ತೇನೆ. ತಮ್ಮ ಚಿತ್ರ ನೋಡಿದ ಮೇಲೆ ಹೆಚ್ಚಿನವರ ಮೈ ಹಗುರವಾಗುತ್ತದೆ, ಮುಂದಿನ ಭಂಗಿ ಅವರೇ ಸೂಚಿಸುತ್ತಾರೆ.

ಇನ್ನು ಬೆಳಕಿನ ಮಾತು. ಗ್ಲಾಮರ್ ಮತ್ತು ಫೈನ್ ಆರ್ಟ್ ಎರಡಕ್ಕೂ ನನ್ನಲ್ಲಿರುವ ದೀಪಗಳು ಅವೇ, ಇಡುವ ಜಾಗ ಬೇರೆ. 1930ರ ದಶಕದಲ್ಲಿ ಹಾಲಿವುಡ್ ತಾರೆಯರ ಭಾವಚಿತ್ರ ತೆಗೆದ ಜಾರ್ಜ್ ಹರೆಲ್ ಗಡುಸಾದ ಬೆಳಕನ್ನು ಮೇಲಿನಿಂದ ಬಿಟ್ಟು ಕೆನ್ನೆಯ ಮೂಳೆಯನ್ನು ಕೆತ್ತಿದಂತೆ ತೋರಿಸಿದರು. ಗ್ಲಾಮರ್ ಚಿತ್ರಕ್ಕೆ ನಾನು ಶುರು ಮಾಡುವುದೂ ಅಲ್ಲಿಂದಲೇ: ದೀಪ ಮುಖದ ಎದುರು ನೇರಕ್ಕೆ, ಮೇಲೆ, ಮೂಗಿನ ಕೆಳಗೆ ಚಿಟ್ಟೆಯಾಕಾರದ ಪುಟ್ಟ ನೆರಳು, ಗಲ್ಲದ ಕೆಳಗೆ ಬೆಳಕನ್ನು ಮರಳಿಸುವ ಒಂದು ಬಿಳಿ ಫಲಕ (ರಿಫ್ಲೆಕ್ಟರ್), 85 ಎಂಎಂ ಲೆನ್ಸ್. ಫೈನ್ ಆರ್ಟ್‌ಗೆ ನನ್ನ ಗುರು ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್. 1930ರಲ್ಲಿ ಅವರು ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ತೆಗೆದ ಚಿತ್ರ ನೋಡಿದರೆ ಬಾಗಿದ ಬೆನ್ನು, ಮಡಚಿದ ತೋಳು ಕಣ್ಣಿಗೆ ಕಟ್ಟುತ್ತದೆ. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ದೇಹವನ್ನು ರೂಪವಾಗಿ ನೋಡುವುದು ಹೇಗೆಂದು ನನಗೆ ಕಲಿಸಿದ್ದು ಆ ಮೆಣಸಿನಕಾಯಿ.

ಬೆನ್ನಿನ ಚಿತ್ರಕ್ಕೆ ಒಂದೇ ದೀಪ ಸಾಕು. ದೀಪಕ್ಕೆ ತೊಡಿಸಿ ಬೆಳಕನ್ನು ಮೃದುವಾಗಿಸುವ ಉದ್ದನೆಯ ಸ್ಟ್ರಿಪ್ ಸಾಫ್ಟ್‌ಬಾಕ್ಸ್‌ಗೆ, ಬೆಳಕು ಆಚೀಚೆ ಚೆಲ್ಲದಂತೆ ಗ್ರಿಡ್ ಎಂಬ ಜಾಲರಿ ಹಾಕಿ, ದೇಹದ ಪಕ್ಕಕ್ಕೆ, ಒಂದಿಷ್ಟು ಹಿಂದಕ್ಕೆ ನಿಲ್ಲಿಸುತ್ತೇನೆ. ಎದುರು ಬದಿಗೆ ಕಪ್ಪು ಬಟ್ಟೆ. ಅದಿಲ್ಲದಿದ್ದರೆ ಬಿಳಿ ಗೋಡೆಯಿಂದ ಮರಳಿದ ಬೆಳಕು ನೆರಳನ್ನೆಲ್ಲ ತೊಳೆದುಹಾಕುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ದೀಪ ಭುಜದಿಂದ ಒಂದು ಮೀಟರ್ ದೂರದಲ್ಲಿದ್ದು, ಹಿಂದಿನ ಗೋಡೆ ದೀಪದಿಂದ ನಾಲ್ಕು ಮೀಟರ್ ಆಚೆಗಿದ್ದರೆ ಗೋಡೆಗೆ ತಲುಪುವುದು ಭುಜಕ್ಕೆ ಬೀಳುವ ಬೆಳಕಿನ ಹದಿನಾರನೇ ಒಂದು ಪಾಲು. ಹಾಗಾಗಿ ಕಪ್ಪು ಪರದೆ ಇಲ್ಲದ ಕೋಣೆಯಲ್ಲೂ ಹಿನ್ನೆಲೆ ಕತ್ತಲಾಗಿಸಬಹುದು. ಕೋಣೆ ಮಾತ್ರ ಬೆಚ್ಚಗಿರಬೇಕು. ಚಳಿಗೆ ಮೈಯೆಲ್ಲ ಮುಳ್ಳೆದ್ದರೆ ಯಾವ ದೀಪವೂ ಕೈಹಿಡಿಯುವುದಿಲ್ಲ.

ರೀಟಚಿಂಗ್‌ನಲ್ಲಿ, ಅಂದರೆ ತೆಗೆದ ಚಿತ್ರವನ್ನು ತಿದ್ದುವಾಗ, ನನ್ನದೊಂದು ನಿಯಮ: ವಾರದಲ್ಲಿ ತಾನಾಗಿ ಮಾಯವಾಗುವುದನ್ನು ತೆಗೆಯುತ್ತೇನೆ, ಜೀವನಪೂರ್ತಿ ಇರುವುದನ್ನು ಬಿಡುತ್ತೇನೆ. ಮೊಡವೆ ಹೋಗುತ್ತದೆ, ಮಚ್ಚೆ ಉಳಿಯುತ್ತದೆ. ಹೆರಿಗೆಯ ಗೆರೆ, ಹೊಲಿಗೆಯ ಗುರುತು ಅವರಾಗಿ ಕೇಳಿದರೆ ಮಾತ್ರ ಮುಟ್ಟುತ್ತೇನೆ. ಸೊಂಟ ಸಣ್ಣ ಮಾಡುವ ಕೆಲಸ ಒಪ್ಪಿಕೊಳ್ಳುವುದಿಲ್ಲ. ಇದರಿಂದ ಕೆಲವು ಗಿರಾಕಿಗಳು ಕೈತಪ್ಪಿದ್ದಾರೆ, ನಿಜ.

ಹೊಟ್ಟೆಪಾಡು ನಡೆಯುವುದು ಗ್ಲಾಮರ್‌ನಿಂದ: ಮಾಡೆಲ್‌ಗಳ ಪೋರ್ಟ್‌ಫೋಲಿಯೋ, ತಮಗಾಗಿಯೇ ಚಿತ್ರ ತೆಗೆಸಿಕೊಳ್ಳಲು ಬರುವವರು. ಅರ್ಧ ಹಣ ಮುಂಗಡ, ಉಳಿದದ್ದು ಫೈಲ್ ಕೊಡುವಾಗ. ಪ್ರಿಂಟ್ ಮಾರಾಟ ನಿಧಾನದ ಕೆಲಸ, ಅದನ್ನು ನಂಬಿ ಬಾಡಿಗೆ ಕಟ್ಟಲಾಗದು.

ಆದರೂ ನನ್ನ ಜೀವ ಇರುವುದು ಪ್ರಿಂಟ್‌ನಲ್ಲೇ. 6000 × 4000 ಪಿಕ್ಸೆಲ್‌ನ ಫೈಲ್ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 20 × 13 ಇಂಚಿನವರೆಗೆ ಚೊಕ್ಕವಾಗಿ ಬರುತ್ತದೆ. ಹತ್ತಿಯ ನಾರಿನ ಕಾಗದ, ಪಿಗ್ಮೆಂಟ್ ಶಾಯಿ. ಒಂದು ಚಿತ್ರಕ್ಕೆ ಹತ್ತೇ ಪ್ರತಿ, ಅಂಚಿನಲ್ಲಿ ಪೆನ್ಸಿಲ್‌ನಿಂದ ಸಂಖ್ಯೆ ಮತ್ತು ಸಹಿ. 1/10 ಎಂದು ಬರೆದದ್ದು ಮಾರಾಟಕ್ಕಿಲ್ಲ. ಅದನ್ನು ಬಟರ್ ಪೇಪರ್‌ನಲ್ಲಿ ಸುತ್ತಿ, ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ಆ ಚಿತ್ರದಲ್ಲಿ ಇರುವವರ ಕೈಗೆ ನಾನೇ ಕೊಟ್ಟು ಬರುತ್ತೇನೆ.