ಸ್ಪ್ಲಿಟ್ ಕೀಬೋರ್ಡ್‌ನಲ್ಲಿ ಲೇಯರ್ ಮಾಡ್ತಿದ್ದೀರಾ? ಹೆಬ್ಬೆರಳಿಂದ ಶುರು ಮಾಡಿ

ಹೊಸ ಸ್ಪ್ಲಿಟ್ ಕೀಬೋರ್ಡ್ (ಎಡಗೈ, ಬಲಗೈಗೆ ಬೇರೆ ಬೇರೆ ಭಾಗ ಇರೋದು) ಕೈಗೆ ಬಂದ ತಕ್ಷಣ ಏಳೆಂಟು ಲೇಯರ್ (ಅದೇ ಕೀಗಳಿಗೆ ಬೇರೆ ಕೆಲಸ ಕೊಡುವ ಪದರ) ತುಂಬಿಸೋಕೆ ಹೋಗಬೇಡಿ. ಮೂರು ಸಾಕು: ಅಕ್ಷರಕ್ಕೆ ಒಂದು, ಬಾಣ ಮತ್ತು ಅಂಕಿಗೆ ಒಂದು, ಚಿಹ್ನೆಗಳಿಗೆ ಒಂದು.

ಲೇಯರ್ ಬದಲಿಸುವ ಕೀ ಹೆಬ್ಬೆರಳಿಗೇ ಕೊಡಿ. ಎಡ ಹೆಬ್ಬೆರಳು ಒತ್ತಿ ಹಿಡಿದರೆ ಬಲಗೈಯ ಹೆಚ್, ಜೆ, ಕೆ, ಎಲ್ ಜಾಗದಲ್ಲಿ ಬಾಣಗಳು ಬರಲಿ. ಹಿಡಿಯೋ ಕೈ ಒಂದು, ಒತ್ತೋ ಕೈ ಇನ್ನೊಂದು ಆದ್ದರಿಂದ ಬೆರಳು ತಿರುಚಿಕೊಳ್ಳಲ್ಲ. ಕೀಬೋರ್ಡ್ ಒಳಗೆ ಓಡುವ ಸಾಫ್ಟ್‌ವೇರ್ ಕ್ಯೂಎಂಕೆಯಲ್ಲಿ ಇದಕ್ಕೆ 'ಎಂಒ' (MO) ಅನ್ನೋ ಕೀ ಆಯ್ಕೆ ಇದೆ, ಬೆರಳು ಬಿಟ್ಟರೆ ಹಳೇ ಲೇಯರ್ ವಾಪಸ್. ಮೇಲಿನ ಲೇಯರ್‌ನಲ್ಲಿ ಅದೇ ಜಾಗದ ಕೀಯನ್ನು ಟ್ರಾನ್ಸ್‌ಪರೆಂಟ್ (ಕೆಳಗಿನ ಲೇಯರ್‌ನ ಕೀಯೇ ಕೆಲಸ ಮಾಡುವಂತೆ) ಆಗಿಯೇ ಬಿಡಿ. ಎಂಒ ಬದಲು 'ಟಿಜಿ' (TG) ಹಾಕಿದರೆ ಮತ್ತೆ ಒತ್ತೋವರೆಗೂ ಲೇಯರ್ ಅಲ್ಲೇ ನಿಂತುಬಿಡುತ್ತೆ, ಈಗ ಎಲ್ಲಿದ್ದೀವಿ ಅಂತ ಸುಮ್ನೆ ತಲೆಕೆಡಿಸಿಕೊಳ್ಳಬೇಕು. ನನ್ನ ಪ್ರಕಾರ ನಂಬರ್ ಪ್ಯಾಡಿಗೆ ಮಾತ್ರ ಅದು ಸರಿ.

ಕೀ ಕಡಿಮೆ ಇದ್ದರೆ 'ಎಲ್‌ಟಿ' ಬಳಸಿ. ತಟ್ಟಿದರೆ ಸ್ಪೇಸ್, ಹಿಡಿದರೆ ಲೇಯರ್. ಜಾಸ್ತಿ ಜನ ಬೇಸತ್ತು ಬಿಡೋದು ಇಲ್ಲೇ. ತಟ್ಟಿದ್ದೋ ಹಿಡಿದಿದ್ದೋ ಅಂತ ತೀರ್ಮಾನಿಸೋಕೆ ಕ್ಯೂಎಂಕೆ ಮಾಮೂಲಾಗಿ 200 ಮಿಲಿಸೆಕೆಂಡ್ ಕಾಯುತ್ತೆ, ಇದೇ ಟ್ಯಾಪಿಂಗ್ ಟರ್ಮ್. ಸ್ಪೇಸ್ ಒತ್ತಿದಾಗ ಬೇಡದೆ ಲೇಯರ್ ಬಂದರೆ ಇದನ್ನು ಹೆಚ್ಚಿಸಿ, ಲೇಯರ್ ತಡವಾಗಿ ಬಂದರೆ ಇಳಿಸಿ. ಒಂದೇ ಸಲ ದೊಡ್ಡ ಬದಲಾವಣೆ ಬೇಡ, ಹತ್ತು ಹತ್ತು ಮಿಲಿಸೆಕೆಂಡ್ ಸರಿಸಿ ನೋಡಿ.

ಕೀಗಳ ಕೆಲಸ ಬದಲಿಸೋಕೆ ವಯಲ್ (Vial) ಆ್ಯಪ್ ಬಳಸುವವರು ಲೇಔಟನ್ನು ಫೈಲಾಗಿ ಸೇವ್ ಮಾಡಿಟ್ಟುಕೊಳ್ಳಿ. ಇನ್ನೊಂದು, ಎರಡು ಭಾಗ ಜೋಡಿಸುವ ಟಿಆರ್‌ಆರ್‌ಎಸ್ ಕೇಬಲ್ ಕೀಳುವ ಮೊದಲು ಯುಎಸ್‌ಬಿ ತೆಗೆಯಿರಿ, ಇಲ್ಲಾಂದ್ರೆ ಶಾರ್ಟ್ ಆಗಿ ಬೋರ್ಡೇ ಹೋಗಬಹುದು.