ಸಹಿಯ ಬ್ಯಾಟು, ಜೆರ್ಸಿ: ದಾವಣಗೆರೆಯ ಬಿಸಿಲಲ್ಲಿ ನಾನು ಕಾಪಾಡುವ ಕ್ರಮ

ಬಂದವರಿಗೆಲ್ಲ ಕಾಣಲಿ ಎಂದು ಕ್ರಿಕೆಟಿಗರ ಸಹಿಯ ಬ್ಯಾಟನ್ನು ಕಿಟಕಿಯ ಎದುರು ಗೋಡೆಗೆ ತೂಗುಹಾಕುವುದೇ ದೊಡ್ಡ ತಪ್ಪು. ಬಿಸಿಲಿನ ನೇರಳಾತೀತ ಕಿರಣ ಶಾಯಿಯ ಬಣ್ಣವನ್ನೇ ಒಡೆಯುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ನಾನು ಕಿಟಕಿ ಇರುವ ಗೋಡೆಯನ್ನೇ ಆರಿಸುತ್ತೇನೆ. ಅಲ್ಲಿ ನೇರ ಬಿಸಿಲು ಬೀಳದು. ಇವನ್ನಿಡುವ ಪೆಟ್ಟಿಗೆಗೆ ನೇರಳಾತೀತ ಕಿರಣ (ಯುವಿ) ತಡೆಯುವ ಅಕ್ರಿಲಿಕ್ ಶೀಟು ಹಾಕಿದರೂ ಕಣ್ಣಿಗೆ ಕಾಣುವ ಬೆಳಕು ನಿಧಾನವಾಗಿ ಬಣ್ಣ ತಿನ್ನುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಇಂಥವಕ್ಕೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಮಿತಿ. ಆದ್ದರಿಂದ ಸಣ್ಣ ಎಲ್ಇಡಿ, ಪೆಟ್ಟಿಗೆಯ ಹೊರಗೆ, ನೋಡುವಾಗ ಮಾತ್ರ.

ಆಡುವ ಬ್ಯಾಟಿಗೆ ಅಗಸೆ ಎಣ್ಣೆ ಸವರುತ್ತೇವೆ. ಸಹಿಯ ಬ್ಯಾಟಿಗೆ ಬೇಡವೇ ಬೇಡ, ಶಾಯಿ ಕದಡಿ ಮರದ ಎಳೆಗುಂಟ ಹಬ್ಬುತ್ತದೆ. ವಾರ್ನಿಷ್, ಹೇರ್‌ಸ್ಪ್ರೇಗಳಲ್ಲಿನ ದ್ರಾವಕವೂ ಮಾರ್ಕರ್ ಶಾಯಿಯನ್ನು ಕರಗಿಸುತ್ತದೆ. ಬ್ಯಾಟನ್ನು ಹಿಡಿಯಿಂದ, ಚೆಂಡನ್ನು ಹೊಲಿಗೆಯ ಜಾಗದಲ್ಲಿ ಹಿಡಿಯಿರಿ, ಅಷ್ಟೇ.

ಜೆರ್ಸಿಗೆ ಹೆಚ್ಚು ತಾಳ್ಮೆ ಬೇಕು. ಒಗೆಯಬಾರದು, ಇಸ್ತ್ರಿ ಹಾಕಬಾರದು. ಕಟ್ಟು ಹಾಕುವ ಅಂಗಡಿಗಳಲ್ಲಿ ಗೋಂದು, ಗುಂಡುಪಿನ್ನು ಬಳಸುತ್ತಾರೆ; ಗೋಂದು ಬಟ್ಟೆಯಲ್ಲಿ ಕಲೆಯಾಗಿ ಮೂಡುತ್ತದೆ, ಪಿನ್ನು ತುಕ್ಕು ಬಿಡುತ್ತದೆ. ಆಮ್ಲರಹಿತ ಬೋರ್ಡಿಗೆ ಕೋರಾ ಹತ್ತಿ ಬಟ್ಟೆ ಹೊದಿಸುತ್ತೇನೆ. ಮೊದಲು ಅದನ್ನು ಎರಡು ಸಲ ಬಿಸಿನೀರಲ್ಲಿ ಒಗೆದು ಗಂಜಿ ತೆಗೆಯಲೇಬೇಕು, ಇಲ್ಲದಿದ್ದರೆ ಬೆಳ್ಳಿಹುಳ ಬರುತ್ತದೆ. ಜೆರ್ಸಿಯ ಭುಜ, ಪಕ್ಕದ ಹೊಲಿಗೆಗುಂಟ 4–5 ಸೆಂ.ಮೀ.ಗೊಂದು ಹತ್ತಿ ನೂಲಿನ ಹೊಲಿಗೆ. ಸೂಜಿ ಹಳೆಯ ಹೊಲಿಗೆಯ ತೂತಿನಲ್ಲೇ ಹೋಗಬೇಕು, ಹೊಸ ತೂತು ಬೀಳಬಾರದು. ಒಳಗೆ ತುಂಬಲು ಪತ್ರಿಕೆ ಬೇಡ, ಅದರ ಆಮ್ಲ ಬಟ್ಟೆಯನ್ನು ಹಳದಿಯಾಗಿಸುತ್ತದೆ. ಒಗೆದ ಬಿಳಿ ಬಟ್ಟೆ ಸಾಕು. ಶೀಟು ಶಾಯಿಗೆ ತಾಗದಂತೆ ಕನಿಷ್ಠ 2 ಸೆಂ.ಮೀ. ಅಂತರ ಇರಲಿ; ತಾಗಿದರೆ ಸಹಿ ಶೀಟಿಗೆ ಅಂಟಿ ಬರುತ್ತದೆ.

ಇನ್ನು ತೇವ. ತೇವ ಹೀರುವ ಹರಳಾದ ಸಿಲಿಕಾ ಜೆಲ್ ವರ್ಷವಿಡೀ ಪೆಟ್ಟಿಗೆಯಲ್ಲಿ ಇಡಬೇಕೆಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ನಮ್ಮೂರ ಗಾಳಿ ಹೇಗೂ ಒಣ. ಆಗಲೂ ಜೆಲ್ ಇಟ್ಟರೆ ಬ್ಯಾಟಿನ ವಿಲೋ ಮರ ಸೀಳಬಹುದು, ಚೆಂಡಿನ ಚರ್ಮ ಬಿರಿಯಬಹುದು. ಮಳೆ ಶುರುವಾದಾಗ 50 ಗ್ರಾಂ ಚೀಲ ಇಟ್ಟು, ಒಳಗಿನ ಸಣ್ಣ ತೇವಮಾಪಕ ಶೇ 45–55ರ ನಡುವೆ ನಿಲ್ಲುವಂತೆ ನೋಡಿಕೊಳ್ಳುತ್ತೇನೆ. ಕಿತ್ತಳೆ ಹರಳು ಹಸಿರಾದರೆ ತೇವ ಹೀರಿ ಸಾಕಾಗಿದೆ ಎಂದರ್ಥ. ಅದನ್ನು ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಇಡುತ್ತೇನೆ.