ಕಾಫಿ ಹೂವಿನ ಹೊತ್ತಿಗೆ ಮಕ್ಕಳ ಜೊತೆ ಕೊಡಗಿನ ನೆಂಟರ ಮನೆಗೆ

ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಬಿಳುಪು ಉಳಿಯುವುದು ಎರಡು-ಮೂರು ದಿನ ಅಷ್ಟೇ. ತೋಟದ ಮನೆಯವರಿಗೆ ಫೋನ್ ಮಾಡಿಯೇ ದಿನ ಗೊತ್ತುಮಾಡಿ.

ಕುಶಾಲನಗರ ದಾಟಿ ಮಡಿಕೇರಿಗೆ ಹತ್ತುವಾಗ, ಹೊಟ್ಟೆ ತುಂಬ ಹಾಲು ಕುಡಿದ, ಮೊಬೈಲ್ ನೋಡುತ್ತಾ ಕೂತ ಮಕ್ಕಳು ತಿರುವಿನಲ್ಲಿ ವಾಂತಿ ಮಾಡುತ್ತಾರೆ. ಹೊರಡುವ ಒಂದು ಗಂಟೆ ಮುಂಚೆ ಒಂದೆರಡು ಇಡ್ಲಿ ಸಾಕು. ಸುಂಟಿಕೊಪ್ಪದಲ್ಲಿ ಹತ್ತು ನಿಮಿಷ ಇಳಿಸಿ. ಬದಲಿ ಬಟ್ಟೆ, ಕವರ್ ಕೈಗೆ ಸಿಗುವಂತಿರಲಿ. ಡಿಕ್ಕಿಯಲ್ಲಿದ್ದರೆ ಇದ್ದೂ ಇಲ್ಲದಂತೆ.

ತೋಟದಲ್ಲಿ ಜೇನಿಗಿಂತ ಕೆರೆಗೆ ಹೆದರಬೇಕು. ಸ್ಪ್ರಿಂಕ್ಲರ್‌ಗೆ ನೀರೆತ್ತುವ ಕೆರೆಯ ಅಂಚು ಕಡಿದು, ಮಣ್ಣು ಜಾರು, ಎಷ್ಟೋ ಕಡೆ ಬೇಲಿಯೇ ಇರುವುದಿಲ್ಲ. ದೊಡ್ಡವರೊಬ್ಬರು ಮಗುವಿನ ಕೈ ಬಿಡಕೂಡದು.

ಹಂದಿ ಮಾಂಸದ ಪಂದಿಕರಿ ಖಾರವೆನಿಸಿದರೆ ಅಕ್ಕಿ ಶಾವಿಗೆಯಾದ ನೂಪುಟ್ಟಿಗೆ ಜೇನು ಹಾಕಿಕೊಡಿ. ವರ್ಷ ತುಂಬದ ಕೂಸಿಗೆ ಮಾತ್ರ, ಅಜ್ಜಿ ಎಷ್ಟೇ ಒತ್ತಾಯಿಸಲಿ, ಜೇನು ಬೇಡವೇ ಬೇಡ.